ಅರ್ಕಾವತಿಯ ಜಾಡಿನಲ್ಲಿ: ಹೆಸರಘಟ್ಟದಿಂದ ನಂದಿಗೆ

ನದಿಯ ಅಧ್ಯಯನವನ್ನು ಉಗಮದಿಂದ ಆರಂಭಿಸಿ ಸಂಗಮದವರೆಗೆ ಕೊಂಡೊಯ್ಯುವುದು ನಮ್ಮ ಪಠ್ಯಪುಸ್ತಕಗಳ ವಾಡಿಕೆ. ಗುಡ್ಡದ ಒರತೆ, ತೊರೆ, ಹಳ್ಳ, ಹೊಳೆ ಎಂಬ ಕ್ರಮದಲ್ಲಿ ನೀರು ಕೆಳಗಿಳಿದಂತೆಲ್ಲ ಹೆಚ್ಚುತ್ತ ಹೋಗುವುದೆಂದು ವಿದ್ಯಾರ್ಥಿಗಳು ಕಲಿಯುತ್ತಾರೆ. ಮಲೆನಾಡಿನ ನದಿಗಳ ಮಟ್ಟಿಗೆ ಈ ಪಾಠ ಸರಿಯೇ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಾಲೇಜುಗಳಲ್ಲಿ ಓದುವವರು ಇದನ್ನು ತಮ್ಮ ಕಣ್ಣೆದುರಿನ ನದಿಗೆ ಅನ್ವಯಿಸಲು ಹೊರಟರೆ ಕೂಡಲೇ ತೊಡಕಿಗೆ ಸಿಕ್ಕುವರು. ಅರ್ಕಾವತಿಯನ್ನು ಹೆಸರಘಟ್ಟದಿಂದ ನಂದಿಬೆಟ್ಟದವರೆಗೆ, ಹರಿವಿಗೆ ಎದುರಾಗಿ, ಒಂದು ದಿನ ಅನುಸರಿಸಿ ಹೋದವರಿಗೆ ನೀರು ಕ್ರಮವಾಗಿ ಕಡಮೆಯಾಗುತ್ತ ಹೋಗುವುದು ಕಾಣುವುದಿಲ್ಲ. ಅತಿವೃಷ್ಟಿಯ ವರ್ಷಗಳನ್ನು ಬಿಟ್ಟರೆ, ಕೆಳಗೆ ಒಣ ಪಾತ್ರ. ನಡುವೆ ಬೇಸಗೆಯಲ್ಲಿಯೂ ಬತ್ತದ ಕಪ್ಪು ನೀರು. ಅದರ ಮೇಲೆ ಮರಳಿ ಒಣ ಪಾತ್ರ. ನದಿಯ ನಡುಭಾಗ ಮಾತ್ರ ಒದ್ದೆಯಾಗಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಅರ್ಕಾವತಿ ಕಾವೇರಿಯ ಉಪನದಿ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಮೂಲಕ ಇಳಿದು, ನೆಲಮಂಗಲಕ್ಕೆ ಮುನ್ನ ತುಮಕೂರು ಹೆದ್ದಾರಿಯ ಕೆಳಗೆ ಹಾಯ್ದು, ತಿಪ್ಪಗೊಂಡನಹಳ್ಳಿಯ ಬಳಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಳ್ಳುವುದು. ಮುಂದೆ ರಾಮನಗರವನ್ನು ದಾಟಿ, ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯನ್ನು ಸೇರಿಸಿಕೊಂಡು, ಕನಕಪುರದ ಮೂಲಕ ಸಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಒಟ್ಟು ಉದ್ದ ಸುಮಾರು ೧೯೦ ಕಿಲೋಮೀಟರ್. ಇಲ್ಲಿ ಪರಿಶೀಲನೆಗೆ ಆರಿಸಿಕೊಂಡಿರುವುದು ಇದರ ತಲೆಯ ಭಾಗ ಮಾತ್ರ. ಒಂದು ಬಸ್ಸನ್ನು ಗೊತ್ತುಮಾಡಿಕೊಂಡು ಬೆಳಗ್ಗೆ ಹೊರಟರೆ, ಅಲ್ಲಲ್ಲಿ ಇಳಿದು ನಡೆದೂ, ಸಂಜೆಗೆ ಮುನ್ನ ಮುಗಿಸಬಹುದಾದಷ್ಟು ದಾರಿ.

ಹೆಸರಘಟ್ಟದ ಏರಿಯ ಮೇಲಿಂದ ಆರಂಭಿಸುವುದು ಲೇಸು. ಅಲ್ಲಿ ನಿಂತರೆ ಒಂದು ಕಾಲಕ್ಕೆ ಬೆಂಗಳೂರು ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ ಕೆರೆಯ ಅಂಗಳ ವಿಸ್ತಾರವಾಗಿ ಕಾಣುವುದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, ೧೮೯೪ರಲ್ಲಿ, ಅರ್ಕಾವತಿಯನ್ನು ಇಲ್ಲಿ ತಡೆದು ಜಲಾಶಯವನ್ನು ಮಾಡಲಾಯಿತು. ೧೮೯೬ರಲ್ಲಿ ನಗರಕ್ಕೆ ನೀರು ತಲಪಿತು. ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಯವರೆಗೆ ತಾನಾಗಿ ಹರಿದುಬಂದ ನೀರನ್ನು ಅಲ್ಲಿಂದ ಉಗಿಯಂತ್ರಗಳು ಮೇಲಕ್ಕೆತ್ತಿ ಕಳುಹಿಸುತ್ತಿದ್ದವು. ಅದಕ್ಕೆ ಮೊದಲು ಊರೊಳಗಿನ ಕೆರೆಬಾವಿಗಳನ್ನೇ ನಂಬಿದ್ದ ನಗರವು ಹೊರಗಿನ ನದಿಯೊಂದರ ನೀರನ್ನು ಕುಡಿದದ್ದು ಇದೇ ಮೊದಲು. ಆದರೆ ಮೂರು ದಶಕಗಳು ತುಂಬುವುದರೊಳಗೆ, ೧೯೨೫ರಲ್ಲಿ, ಹೆಸರಘಟ್ಟ ಬತ್ತಿತು. ನಗರ ಇನ್ನೂ ಕೆಳಕ್ಕೆ ಹೋಗಬೇಕಾಯಿತು. ಅರ್ಕಾವತಿ ಕುಮುದ್ವತಿಗಳ ಕೂಡಲಿನಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, ಚಾಮರಾಜಸಾಗರ ೧೯೩೩ರಲ್ಲಿ ಸಿದ್ಧವಾಯಿತು. ೧೯೭೪ರಲ್ಲಿ ಕಾವೇರಿಯ ನೀರು ಬಂದ ಮೇಲೆ ನಗರಕ್ಕೆ ಈ ಎರಡು ಜಲಾಶಯಗಳ ಅಗತ್ಯ ಕಡಮೆಯಾಗುತ್ತ ಬಂತು. ತಿಪ್ಪಗೊಂಡನಹಳ್ಳಿಯಿಂದ ನೀರೆತ್ತುವುದನ್ನು ೨೦೧೨ರಲ್ಲಿ ನಿಲ್ಲಿಸಲಾಯಿತು. ಅದಕ್ಕೆ ಕಾರಣ ನೀರಿನ ಕೊರತೆಯಷ್ಟೇ ಆಗಿರದೆ ನೀರಿನ ಕೊಳೆಯೂ ಆಗಿತ್ತು. (ಹೆಸರಘಟ್ಟದಲ್ಲಿರುವ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತಾನು ಬಿಡುಗಡೆ ಮಾಡುವ ತಳಿಗಳ ಹೆಸರಿಗೆ ಮೊದಲು ‘ಅರ್ಕಾ’ ಎಂದು ಸೇರಿಸುವುದು ಪದ್ಧತಿ. ಆ ಹೆಸರು ಇಂದು ನದಿಯ ದಂಡೆಗಿಂತ ಟೊಮೇಟೊ ಬೀಜದ ಪೊಟ್ಟಣದ ಮೇಲೆಯೇ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ.)

೧೯೨೫ರಲ್ಲಿ ಇನ್ನೂ ಕೊಳವೆ ಬಾವಿಗಳಿರಲಿಲ್ಲ, ಕಾರ್ಖಾನೆಗಳಿರಲಿಲ್ಲ. ಆದರೂ ಹೆಸರಘಟ್ಟ ಬತ್ತಿತಷ್ಟೆ. ಮಳೆ ಕೈಕೊಟ್ಟದ್ದು ಒಂದು ಕಾರಣ. ಮತ್ತೊಂದು ಕಾರಣ ನದಿಯ ರಚನೆಯಲ್ಲಿಯೇ ಇದೆ. ಮೇಲಕ್ಕೆ ಹೊರಟು ಬ್ಯಾತ, ಕಾಕೋಳುಗಳ ಕೆರೆಗಳನ್ನು ಒಂದಾದ ಮೇಲೊಂದು ನೋಡಿದರೆ ಅದು ಸ್ಪಷ್ಟವಾಗುವುದು. ಈ ನದಿ ಒಂದು ಅಖಂಡ ಪ್ರವಾಹವಾಗಿ ಹರಿಯುವುದಕ್ಕಿಂತ ಕೆರೆಗಳ ಸರಣಿಯಾಗಿಯೇ ಇಳಿಯುವುದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳವಾಗಿ ಕೆಳಗಿನ ಕೆರೆಗೆ ಹೋಗುವುದು. ಅದು ತುಂಬಿದ ಮೇಲೆ ಅದರ ಕೆಳಗಿನದಕ್ಕೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಯನ್ನು ನೆನೆಸಿ, ಮಿಕ್ಕದ್ದು ಬಸಿದು ಹಳ್ಳಕ್ಕೇ ಮರಳುವುದು. ಇದು ಹಲವು ಶತಮಾನಗಳ ಕಟ್ಟೋಣ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ೧೮೬೦ರ ದಶಕದಲ್ಲಿಯೇ, ಈ ನಾಡಿನಲ್ಲಿ ಹೊಸ ಕೆರೆಯೊಂದಕ್ಕೆ ಸ್ಥಳ ಹುಡುಕುವುದೇ ಕಷ್ಟವೆಂಬ ಅಭಿಪ್ರಾಯಕ್ಕೆ ಬಂದಿದ್ದನು. ಹಾಗಿರುವಲ್ಲಿ ನಗರವು ತನ್ನ ಬಿಂದಿಗೆಯನ್ನು ಈ ಸಾಲಿನ ಕೊನೆಯಲ್ಲಿ ಇರಿಸಿತು. ಮೇಲಿನ ಊರುಗಳೆಲ್ಲ ತುಂಬಿಕೊಂಡ ಮೇಲೆ ಉಳಿದದ್ದು ಮಾತ್ರ ಅದಕ್ಕೆ ದಕ್ಕಬೇಕು. ಕ್ಷಾಮದ ವರ್ಷದಲ್ಲಿ ಮೊದಲು ಬತ್ತುವುದು ಕೊನೆಯ ಪಾತ್ರೆಯೇ.

ಆದುದರಿಂದ ಅರ್ಕಾವತಿಯ ಅಧ್ಯಯನದಲ್ಲಿ ಸೇತುವೆಗಳಿಗಿಂತ ಕೋಡಿಗಳನ್ನು ನೋಡಬೇಕು. ಕೋಡಿಯ ಕಲ್ಲುಕಟ್ಟಡದ ಸಂದುಗಳಲ್ಲಿ ಬೆಳೆದಿರುವ ಗಿಡ ಹುಲ್ಲೋ ಪೊದೆಯೋ ಮರವೋ ಎಂಬುದು ನೀರು ಹೊರಳಿ ಎಷ್ಟು ಕಾಲವಾಯಿತೆಂಬುದಕ್ಕೆ ಒಳ್ಳೆಯ ಸಾಕ್ಷಿ. ಊರಿನ ಹಿರಿಯರನ್ನು ವಿಚಾರಿಸಿದರೆ ಅವರು ಕಾಲವನ್ನು ಕೋಡಿಯಿಂದಲೇ ಲೆಕ್ಕ ಹಾಕುವುದನ್ನು ಕೇಳಬಹುದು: ಮಗಳ ಮದುವೆಯ ವರ್ಷ ಕೋಡಿ ಬಿದ್ದಿತ್ತು, ಆಮೇಲೆ ಇಲ್ಲ, ಎಂದು. ೨೦೨೨ರ ಅತಿವೃಷ್ಟಿಯಲ್ಲಿ ಈ ಸರಣಿಯ ಹಲವು ಕೆರೆಗಳು ಬಹುಕಾಲದ ನಂತರ ಕೋಡಿ ಹರಿದುದರಿಂದ, ಈಗಿನ ವಿದ್ಯಾರ್ಥಿಗಳು ಆ ವರ್ಷವನ್ನು ಗುರುತುಕಲ್ಲಾಗಿ ಇಟ್ಟುಕೊಂಡು ಪ್ರಶ್ನಿಸುವುದು ಸುಲಭ. ಅಂಗಳಗಳಲ್ಲಿ ಜಾಲಿ ಬೆಳೆದಿದೆ. ಒಣ ಪಾತ್ರಗಳಲ್ಲಿ ಎಕ್ಕ. ಸಂಸ್ಕೃತದಲ್ಲಿ ‘ಅರ್ಕ’ವೆಂದರೆ ಸೂರ್ಯನೂ ಹೌದು, ಎಕ್ಕದ ಗಿಡವೂ ಹೌದು. ನದಿಗೆ ಹೆಸರಿಟ್ಟವರ ಮನಸ್ಸಿನಲ್ಲಿ ಸೂರ್ಯನೇ ಇದ್ದಿರಬೇಕು. ಇಂದು ಪಾತ್ರದಲ್ಲಿ ನಿಂತು ನೋಡುವವನಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯುವುದು.

ಕೆರೆಗಳ ಸರಣಿಯಿಂದ ೧೯೨೫ರ ಬರವನ್ನು ವಿವರಿಸಬಹುದು. ಈಚಿನ ಐವತ್ತು ವರ್ಷಗಳ ಬರಿದನ್ನು ಅದರಿಂದ ವಿವರಿಸಲಾಗದು. ಏಕೆಂದರೆ ಕೆರೆಗಳು ಹಳೆಯವು, ಬರಿದಾಗುವಿಕೆ ಹೊಸದು. ಇದಕ್ಕೆ ನೆಲದ ಒಳಗನ್ನು ನೋಡಬೇಕು. ಈ ಸೀಮೆಯ ಅಡಿಯಲ್ಲಿರುವುದು ಬಹುಮಟ್ಟಿಗೆ ಪ್ರಾಚೀನವಾದ ನೈಸ್ ಶಿಲೆ. ಶಿಲೆಗೆ ತನ್ನಲ್ಲಿ ನೀರನ್ನು ಹಿಡಿಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಬಿರುಕುಗಳಲ್ಲಿ ನಿಂತಷ್ಟೇ ನೀರು. ಆದರೆ ಅದರ ಮೇಲುಭಾಗ ದೀರ್ಘಕಾಲದ ಬಿಸಿಲುಮಳೆಗಳಿಂದ ಶಿಥಿಲವಾಗಿ ಗೊರಚಲು ಮಣ್ಣಾಗಿದೆ. ಈ ಶಿಥಿಲ ಪದರವೇ ನಾಡಿನ ನಿಜವಾದ ಜಲಾಶಯ. ಮಳೆಗಾಲದಲ್ಲಿ ಅದು ನೀರನ್ನು ಹೀರಿಕೊಂಡು, ಮಳೆ ನಿಂತ ಮೇಲೆ ತಗ್ಗಿನಲ್ಲಿರುವ ಹಳ್ಳಕ್ಕೆ ಮೆಲ್ಲಗೆ ಬಿಟ್ಟುಕೊಡುವುದು. ತೆರೆದ ಬಾವಿಗಳಲ್ಲಿ ಕಪಿಲೆ ಏತಗಳು ನಡೆಯುತ್ತಿದ್ದುದು ಈ ಪದರದ ನೀರಿನಿಂದಲೇ. ನೆರೆಯ ಮಧುಗಿರಿ, ಪಾವಗಡಗಳ ಕಡೆ ‘ತಲಪರಿಗೆ’ ಎಂದು ಕರೆಯುವ ಒರತೆಗಾಲುವೆಗಳಿಗೂ ಇದೇ ಆಧಾರ.

ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವವರೆಗೆ ನೆಲವು ಹಳ್ಳಕ್ಕೆ ನೀರು ಕೊಡುವುದು. ಮಟ್ಟ ತಳಕ್ಕಿಂತ ಕೆಳಗಿಳಿದರೆ ಈ ಸಂಬಂಧ ತಿರುಗುಮುರುಗಾಗುವುದು: ಹಳ್ಳವೇ ನೆಲಕ್ಕೆ ನೀರು ಕೊಡತೊಡಗುವುದು. ಆಗ ಒಂದು ಹದಮಳೆ ಬಿದ್ದರೂ ಆ ನೀರು ಮೊದಲು ಪಾತ್ರದ ಮರಳಿನಲ್ಲಿ ಇಂಗಿ, ಅದು ತಣಿದ ಮೇಲೆ ಮಾತ್ರ ಮುಂದೆ ಸಾಗಬೇಕು. ಹಿಂದೆ ಕೆರೆ ತುಂಬಿಸುತ್ತಿದ್ದಷ್ಟೇ ಮಳೆ ಈಗ ಪಾತ್ರವನ್ನು ನೆನೆಸಿ ಮುಗಿದುಹೋಗುವುದು. ‘ಮಳೆ ಮೊದಲಿನಂತೆಯೇ ಆಗುತ್ತದೆ, ಹೊಳೆ ಮಾತ್ರ ಬರುವುದಿಲ್ಲ’ ಎಂದು ರೈತರು ಹೇಳುವ ಮಾತಿನಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ತೆರೆದ ಬಾವಿಗಳಿಗೆ ವಿದ್ಯುತ್ ಪಂಪುಗಳು ಬಂದು ಅವು ಬತ್ತಿದವು; ತರುವಾಯ ಕೊಳವೆ ಬಾವಿಗಳು ಶಿಥಿಲ ಪದರವನ್ನು ದಾಟಿ ಶಿಲೆಯ ಬಿರುಕುಗಳಿಗಿಳಿದವು; ಇಂದು ಸಾವಿರ ಅಡಿ ಕೊರೆಸುವುದು ಇಲ್ಲಿ ಅಪರೂಪವಲ್ಲ. ಜಿಲ್ಲೆಯ ನಾಲ್ಕು ತಾಲ್ಲೂಕುಗಳೂ ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ಗಣನೆಗಳಲ್ಲಿ ‘ಅತಿಬಳಕೆ’ಯ ವರ್ಗಕ್ಕೆ ಸೇರಿವೆ, ಎಂದರೆ ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದು ಹೆಚ್ಚು.

ಇನ್ನು ದೊಡ್ಡತುಮಕೂರು, ಚಿಕ್ಕತುಮಕೂರುಗಳ ಕೆರೆಗಳಿಗೆ ಬರೋಣ. ಹೆಸರಘಟ್ಟದಿಂದ ಇಲ್ಲಿಯವರೆಗೆ ನೀರಿಗಾಗಿ ಹುಡುಕುತ್ತ ಬಂದ ವಿದ್ಯಾರ್ಥಿಗೆ ಇಲ್ಲಿ ನೀರು ಕಾಣುವುದು. ಬಣ್ಣ ಕಪ್ಪು, ಮೇಲೆ ಅಂತರಗಂಗೆಯ ಹಾಸು, ದೂರದಿಂದಲೇ ವಾಸನೆ. ದೊಡ್ಡಬಳ್ಳಾಪುರದ ಚರಂಡಿಯ ನೀರೂ, ಬಾಶೆಟ್ಟಿಹಳ್ಳಿಯ ಸುತ್ತಣ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಹರಿದು ಬಂದು ಸೇರುವುದು ಈ ಕೆರೆಗಳಿಗೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ನೀರು ಮೂಲತಃ ಎಲ್ಲಿಯದು? ಊರಿನ ಮನೆಗಳಿಗೂ ಕಾರ್ಖಾನೆಗಳಿಗೂ ನೀರು ಬಹುಪಾಲು ಬರುವುದು ಕೊಳವೆ ಬಾವಿಗಳಿಂದ. ಹಾಗಾದರೆ ಇದು, ಹಿಂದೆ ನೆಲದಡಿಯಿಂದ ತಾನಾಗಿ ಜಿನುಗಿ ಹೊಳೆ ಸೇರಬೇಕಾಗಿದ್ದ ನೀರೇ. ಈಗ ಅದನ್ನು ಮೋಟಾರು ಎತ್ತಿ, ಬಚ್ಚಲು, ಬಣ್ಣದ ತೊಟ್ಟಿ, ಕಾರ್ಖಾನೆಗಳ ಮೂಲಕ ಹಾಯಿಸಿ ಅದೇ ಹೊಳೆಗೆ ತಂದು ಬಿಡುತ್ತಿದೆ. ನದಿಯ ನಡುಭಾಗ ಬೇಸಗೆಯಲ್ಲಿಯೂ ಒದ್ದೆಯಾಗಿರುವುದರ ಗುಟ್ಟು ಇದು. ಮೇಲಿನ ಪಾತ್ರದ ಒಣಗು, ನಡುವಣ ಪಾತ್ರದ ಕೊಳೆ ಇವನ್ನು ಎರಡು ಬೇರೆ ಬೇರೆ ಸಮಸ್ಯೆಗಳೆಂದು ಎರಡು ಬೇರೆ ಇಲಾಖೆಗಳಿಗೆ ಹಂಚಿಕೊಡುವ ರೂಢಿಯುಂಟು. ನನ್ನ ತಿಳಿವಳಿಕೆಯಲ್ಲಿ ಅವು ಒಂದೇ ಕ್ರಿಯೆಯ ಎರಡು ತುದಿಗಳು.

ಕೊಳೆತ ನೀರು ಕೆರೆಯಲ್ಲಿಯೇ ನಿಲ್ಲುವುದಿಲ್ಲ; ಹಳ್ಳ ನೆಲಕ್ಕೆ ನೀರು ಕೊಡುವ ಸ್ಥಿತಿಗೆ ಬಂದ ಮೇಲೆ ಅದೂ ಇಂಗುವುದು. ಸುತ್ತಣ ಹಳ್ಳಿಗಳ ಕುಡಿಯುವ ನೀರಿನ ಆಧಾರವೂ ಅದೇ ನೆಲದ ಅಂತರ್ಜಲ. ಕೆರೆಯ ನೀರಿನಿಂದ ದನಕರುಗಳಿಗೂ ಬೆಳೆಗೂ ಆಗಿರುವ ಕೇಡು, ಕುಡಿಯುವ ನೀರಿನ ಭಯ ಇವುಗಳಿಂದಾಗಿ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನರು ಇತ್ತೀಚಿನ ವರ್ಷಗಳಲ್ಲಿ ಹೋರಾಟ ಸಮಿತಿ ಕಟ್ಟಿಕೊಂಡು ಮತ್ತೆ ಮತ್ತೆ ಧರಣಿ ನಡೆಸಿದ್ದಾರೆ: ಶುದ್ಧೀಕರಿಸದ ನೀರನ್ನು ಕೆರೆಗೆ ಬಿಡಬಾರದು, ತಮಗೆ ಬೇರೆಡೆಯಿಂದ ಕುಡಿಯುವ ನೀರು ಕೊಡಬೇಕು ಎಂದು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ರಕ್ಷಿಸಲು ರಾಜ್ಯ ಸರ್ಕಾರ ೨೦೦೩ರ ನವೆಂಬರಿನಲ್ಲಿ ಹೊರಡಿಸಿದ ಆಜ್ಞೆಯ ಉದ್ದೇಶವೂ ಇಲ್ಲಿನ ನೀರನ್ನು ಕಾಪಾಡುವುದೇ ಆಗಿತ್ತು. ಆದರೆ ಆ ಆಜ್ಞೆ ಹೊರಟದ್ದು ನಗರದ ಜಲಾಶಯವನ್ನು ಕುರಿತು. ನಡುವಣ ಹಳ್ಳಿಗಳ ಕೆರೆಗಳು ಅದರಲ್ಲಿ ದಾರಿಯ ಊರುಗಳಂತೆ ಮಾತ್ರ ಬರುವವು. ವಿದ್ಯಾರ್ಥಿಗಳು ಇಲ್ಲಿ ಅರ್ಧ ಗಂಟೆಯಾದರೂ ನಿಂತು ಊರವರೊಡನೆ ಮಾತನಾಡುವುದು ಅವಶ್ಯ.

ದೊಡ್ಡಬಳ್ಳಾಪುರ ಪಟ್ಟಣದಲ್ಲಿ ಹೆಚ್ಚು ಹೊತ್ತು ಬೇಕಾಗಿಲ್ಲ. ರೇಷ್ಮೆ ಸೀರೆಯ ಮಗ್ಗಗಳ ಸದ್ದು ಬೀದಿಬೀದಿಯಲ್ಲಿ ಕೇಳಿಸುವುದು; ನೂಲಿಗೆ ಬಣ್ಣ ಹಾಕುವ ಕೆಲಸಕ್ಕೆ ನೀರು ಎಷ್ಟು ಬೇಕೆಂಬುದನ್ನು ಒಂದೆರಡು ಕಡೆ ವಿಚಾರಿಸಿ, ಊರಿನ ನಾಗರಕೆರೆಯನ್ನು ನೋಡಿ ಮುಂದುವರಿಯಬಹುದು.

ಪಟ್ಟಣವನ್ನು ಬಿಟ್ಟು ನಂದಿಯ ಕಡೆಗೆ ತಿರುಗಿದ ಒಡನೆಯೇ ಪಾತ್ರ ಮತ್ತೆ ಒಣಗುವುದು. ಆದರೆ ಇಕ್ಕೆಲಗಳ ಹೊಲಗಳು ಹಸುರಾಗಿವೆ: ‘ಬೆಂಗಳೂರು ನೀಲಿ’ ದ್ರಾಕ್ಷಿಯ ಚಪ್ಪರಗಳು, ಹೂವು, ತರಕಾರಿ. ಹೊಳೆಯಲ್ಲಿ ನೀರಿಲ್ಲದ ಕಡೆ ಹೊಲದಲ್ಲಿ ನೀರಿರುವುದಕ್ಕೆ ಮೇಲೆ ಹೇಳಿದ ಕೊಳವೆ ಬಾವಿಗಳೇ ಕಾರಣ. ಬೇಸಾಯಗಾರನನ್ನು ದೂರಿ ಪ್ರಯೋಜನವಿಲ್ಲ. ಕೆರೆಯಿಂದ ಗದ್ದೆಗೆ ನೀರು ಬರುವುದು ನಿಂತ ಮೇಲೆ ಅವನಿಗೆ ಬೇರೆ ದಾರಿ ಉಳಿದಿರಲಿಲ್ಲ. ನಡುನಡುವೆ ನೀಲಗಿರಿಯ ತೋಪುಗಳು ಸಿಕ್ಕುವುವು. ಈ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು.

ಪೂರ್ವಕ್ಕೆ ಹೊಸಕೋಟೆಯ ಹೊಲಗಳಲ್ಲಿ, ರಾಜ್ಯದ ಅರಣ್ಯ ಇಲಾಖೆ ಮತ್ತು ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಸಹಕಾರದಿಂದ ನೀಲಗಿರಿಯ ನೀರಿನ ಬಳಕೆಯನ್ನು ಹಲವು ವರ್ಷ ಅಳೆಯಲಾಯಿತು. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹವಾದುದು: ಹೊಸಕೋಟೆಯ ತೋಪು ಮೂರು ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತ್ತು. ಬೇರುಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದು, ಮಣ್ಣಿನಲ್ಲಿ ಹಿಂದೆ ಸಂಗ್ರಹವಾಗಿದ್ದ ತೇವವನ್ನು ತೆಗೆದುಕೊಂಡುದೇ ಇದಕ್ಕೆ ವಿವರಣೆ. ಇದೇ ಸಂಶೋಧನೆಯ ಇನ್ನೊಂದು ಭಾಗವನ್ನು ನೀಲಗಿರಿಯ ವಿರೋಧಿಗಳು ಮರೆಯಬಾರದು: ಬೇರೆ ಸ್ಥಳಗಳಲ್ಲಿ ನೀಲಗಿರಿಯ ಬಳಕೆ ನಾಡಿನ ಕುರುಚಲು ಕಾಡಿನ ಬಳಕೆಗಿಂತ ಹೆಚ್ಚೇನೂ ಇರಲಿಲ್ಲ, ರಾಗಿಯ ಹೊಲಕ್ಕೆ ಹೋಲಿಸಿದರೆ ಮಾತ್ರ ಸುಮಾರು ಇಮ್ಮಡಿ ಇತ್ತು. ಎಂದರೆ ಮರದ ಗುಣಕ್ಕಿಂತ ಅದು ಯಾವುದರ ಜಾಗದಲ್ಲಿ ಬಂದಿತೆಂಬುದು ಮುಖ್ಯ. ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳಲ್ಲಿ ಅದು ಬಂದದ್ದು ರಾಗಿಯ ಜಾಗದಲ್ಲಿ. ೧೯೮೦ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಆಳುಗಳ ಗೋಜಿಲ್ಲದ ಈ ಬೆಳೆಗೆ ಹೊಲ ಬಿಟ್ಟವರು ಬಹಳ. ೧೯೮೩ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿಯ ಸಸಿಗಳನ್ನು ಕಿತ್ತು, ಹುಣಸೆ ಮಾವುಗಳ ಬೀಜ ಹಾಕಿದುದು ಅಂದಿನ ದೊಡ್ಡ ಸುದ್ದಿಯಾಗಿತ್ತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದುದು ೨೦೧೭ರಲ್ಲಿ.

ಈ ಎಲ್ಲ ಕಾರಣಗಳನ್ನೂ ಒಟ್ಟಿಗೆ ತೂಗಿ ನೋಡಿದ ಅಧ್ಯಯನವೊಂದು ೨೦೧೫ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆಯ (ಏಟ್ರೀ) ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರದು ಅದು. ತಿಪ್ಪಗೊಂಡನಹಳ್ಳಿಗೆ ಬಂದು ಸೇರುವ ನೀರು ೧೯೭೫ಕ್ಕೆ ಮುಂಚೆ ದಿನವೊಂದಕ್ಕೆ ಸರಾಸರಿ ೩೮.೫ ಕೋಟಿ ಲೀಟರ್ ಇದ್ದುದು ೨೦೦೦ದ ಈಚೆಗೆ ೬.೫ ಕೋಟಿ ಲೀಟರಿಗೆ ಇಳಿದಿದೆ. ಆರನೆಯ ಒಂದು ಭಾಗವಷ್ಟೇ ಉಳಿದಂತಾಯಿತು. ಮಳೆಯ ಪ್ರಮಾಣ, ಮಳೆಯ ಕಾಲ, ಉಷ್ಣತೆ ಇವುಗಳಲ್ಲಿ ಆಗಿರುವ ಬದಲಾವಣೆ ಈ ಇಳಿತಕ್ಕೆ ಕಾರಣವಾಗಿರುವ ಸಂಭವ ಕಡಮೆಯೆಂದೂ, ಅಂತರ್ಜಲದ ಸವೆತ ಹಾಗೂ ನೀಲಗಿರಿಯ ವಿಸ್ತರಣ ಮುಖ್ಯ ಕಾರಣಗಳೆಂದೂ, ಪಾತ್ರಕ್ಕೆ ಅಡ್ಡಲಾಗಿ ಎದ್ದ ತಡೆಗಳ ಪಾಲು ಅವಕ್ಕಿಂತ ಕಿರಿದೆಂದೂ ಅವರು ನಿರ್ಧರಿಸಿದರು. ಹಾಗಾದರೆ ಕೆರೆಗಳ ಹೂಳೆತ್ತುವುದು, ರಾಜಕಾಲುವೆಗಳ ಒತ್ತುವರಿ ತೆರವು ಮಾಡುವುದು ಇವುಗಳಿಂದ ಹೊಳೆ ಮರಳುವುದೆಂದು ಸಾರುವ ಯೋಜನೆಗಳನ್ನು ಸಂದೇಹದಿಂದ ನೋಡಬೇಕಾಗುವುದು. ಹೂಳೆತ್ತಿದ ಕೆರೆ ತನ್ನ ಊರಿಗೆ ಉಪಕಾರಿಯೇ ಸರಿ. ಆದರೆ ಆಳವಾದ ಕೆರೆ ಕೋಡಿ ಬೀಳುವುದು ಇನ್ನೂ ತಡವಾಗಿ. ಕೆಳಗಿನ ಕೆರೆಗೆ ಅದರಿಂದ ನೀರು ಹೆಚ್ಚುವುದಿಲ್ಲ.

ಕಣಿವೆನಾರಾಯಣಪುರದ ಬಳಿಯ ಚಿಕ್ಕರಾಯಪ್ಪನಹಳ್ಳಿ ಕೆರೆಯನ್ನು ದಾಟಿದ ಮೇಲೆ ನೆಲ ಏರತೊಡಗುವುದು. ದೊಡ್ಡಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್. ನಂದಿಯ ನೆತ್ತಿ ೧೪೭೮ ಮೀಟರ್. ನದಿ ತನ್ನ ಇಳಿಜಾರಿನ ಬಹುಪಾಲನ್ನು ಬೆಟ್ಟದ ಮೈಯಲ್ಲಿಯೇ ಕಳೆದುಕೊಂಡು, ಹೆಸರಘಟ್ಟದವರೆಗೆ ಹೆಚ್ಚು ಕಡಮೆ ಸಮನಾದ ನೆಲದಲ್ಲಿ ತೆವಳುವುದು ಇಲ್ಲಿಂದ ನೋಡಿದಾಗ ಚೆನ್ನಾಗಿ ಮನದಟ್ಟಾಗುವುದು. ಕೆರೆ ಕಟ್ಟುವುದಕ್ಕೆ ಈ ನೆಲ ಏಕೆ ಅಷ್ಟು ಒಗ್ಗಿತೆಂಬುದೂ. ನಂದಿಯೂ ಅದರ ನೆರೆಯ ಬೆಟ್ಟಗಳೂ ಸೇರಿ ಒಂದು ದೊಡ್ಡ ನೀರ್ವಿಭಜನೆ. ಇಲ್ಲಿ ಬಿದ್ದ ಮಳೆ ಪಾಲಾರ್, ಉತ್ತರ ದಕ್ಷಿಣ ಪಿನಾಕಿನಿಗಳು, ಚಿತ್ರಾವತಿ, ಪಾಪಾಗ್ನಿ ಎಂದು ಬೇರೆ ಬೇರೆ ದಿಕ್ಕುಗಳಿಗೆ ಹಂಚಿಹೋಗುವುದು. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೂಲಕ ತಮಿಳುನಾಡಿಗೆ ಇಳಿಯುವುದು. ಅದನ್ನೂ ಇದೇ ರೀತಿ ಎದುರಾಗಿ ಅನುಸರಿಸಲು ಹೊಸಕೋಟೆಯ ಅಧ್ಯಾಪಕರಿಗೆ ಅವಕಾಶವುಂಟು.

ನಂದಿಗೆ ಮತ್ತೊಂದು ಸಂಬಂಧವಿದೆ. ಭಾರತಕ್ಕೆ ನೀಲಗಿರಿ ಮೊದಲು ಬಂದದ್ದು ಸುಮಾರು ೧೭೯೦ರಲ್ಲಿ, ಟಿಪ್ಪು ಸುಲ್ತಾನನು ನಂದಿದುರ್ಗದ ತನ್ನ ತೋಟದಲ್ಲಿ ಬೆಳೆಸಿದಾಗ ಎಂದು ವನಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಮುಂದೆ ದೇಶದ ಬಹುಭಾಗಗಳಿಗೆ ಹರಡಿದ ‘ಮೈಸೂರು ನೀಲಗಿರಿ’ಯ ತಳಿಗೂ ನಂದಿಯ ಮರಗಳೇ ಮೂಲವೆನ್ನುವರು. ನದಿಯೂ, ಅದರ ತೇವವನ್ನು ಹೀರಿದ ಮರವೂ ಒಂದೇ ಬೆಟ್ಟದಿಂದ ಇಳಿದುವೆಂಬುದು ಕಾಕತಾಳೀಯವೇ ಆದರೂ, ಬೆಟ್ಟ ಹತ್ತಿದ ವಿದ್ಯಾರ್ಥಿಗಳಿಗೆ ಇದನ್ನು ಹೇಳದೆ ಇರಲಾಗುವುದಿಲ್ಲ.

ಒಂದು ದಿನದ ನೋಟದಿಂದ ಇಂಥ ನದಿಯನ್ನು ಅರಿಯಲಾಗದು. ಅದೇ ದಾರಿಯನ್ನು ವರ್ಷಕ್ಕೆ ಎರಡು ಸಲವಾದರೂ ನೋಡಬೇಕು. ಹಿಂಗಾರು ಮುಗಿಯುವ ಡಿಸೆಂಬರ್ ಕೊನೆಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ. ಪ್ರತಿಯೊಂದು ಕೆರೆಯಲ್ಲೂ ಮೂರು ಸಂಗತಿಗಳನ್ನು ಬರೆದಿಟ್ಟರೆ ಸಾಕು: ಕೋಡಿಗೆ ಇನ್ನೆಷ್ಟು ಅಡಿ ಉಳಿದಿದೆ, ನೀರು ಬರುತ್ತಿರುವುದು ಯಾವ ದಿಕ್ಕಿನಿಂದ, ಏರಿಯ ಕೆಳಗಿನ ಹಳೆಯ ತೆರೆದ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ. ಕೊನೆಯದಕ್ಕೆ ಒಂದು ಹಗ್ಗ, ಒಂದು ಕಲ್ಲು ಸಾಕು. ಬತ್ತಿ ಕಸ ತುಂಬಿದ ಬಾವಿಯನ್ನೂ ಪಟ್ಟಿಯಿಂದ ಬಿಡಬಾರದು. ಅದರ ತಳ ಎಷ್ಟು ಅಡಿಯಲ್ಲಿದೆಯೆಂಬುದನ್ನು ಬರೆದುಕೊಂಡರೆ, ಆ ಊರಿನಲ್ಲಿ ನೀರು ಒಂದು ಕಾಲಕ್ಕೆ ಅದಕ್ಕಿಂತ ಮೇಲಿತ್ತೆಂಬ ಒಂದು ಅಂಶ ದಾಖಲೆಗೆ ಸೇರುವುದು.